ಬಿಡ್ರಿ

ದಾವಣಗೆರೆಯ ಭಟ್ಟಿ ಓಣಿಯಲ್ಲಿ ಬೆಳಗಿನ ಹೊಗೆ
ಇನ್ನೂ ನೆಲ ಬಿಟ್ಟು ಎದ್ದಿರಲಿಲ್ಲ.
ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡು ಕೇಳಿದೆ:
"ಗೌಸ್‌ಪೀರ್ ಸಾಹೇಬ್ರೇ, ನಿಮಗೆ ಬೇಕಾದ್ದೇನು?"
ಬಿಸಿ ಮಂಡಕ್ಕಿ ಒಂದು ಹಿಡಿ ನನ್ನ ಅಂಗೈಗೆ ಸುರಿದು
"ಲೆಕ್ಕ ಸರಿಯಾಗಿ ಬರ್ಬೇಕು ನೋಡ್ರಿ, ಅಷ್ಟೇ" ಅಂದರು.

ಅಷ್ಟೇ.
ಆ ಒಂದು ಮಾತಿನೊಳಗೆ ಮೂವತ್ತೊಂದು ಪುಟ ಇತ್ತು.

"ದಿನಕ್ಕೆ ಎಷ್ಟು ಚೀಲ?" "ಅಂದಾಜು ನಲವತ್ತು."
ಪಿ.ಜೆ. ಬಡಾವಣೆಯ ನಮ್ಮ ಮಹಡಿ ಕೋಣೆಯಲ್ಲಿ
ತಿಪ್ಪೇಶ ತಲೆಯೆತ್ತದೆ ಕೇಳಿದ:
"ಅಕ್ಕ, ಈ ಅಂದಾಜು ಅಂಕಿಯೋ ಅಕ್ಷರವೋ?
'ಆಮೇಲೆ ಕೊಡ್ತಾರೆ' ಅಂತ ಬರ್ದೀಯಲ್ಲ, ಅದಕ್ಕೆ ತಾರೀಖು?
ಖಾಲಿ ಇಟ್ರೆ ಇದು ಮುಂದಕ್ಕೆ ಹೋಗಲ್ಲ."

ಮತ್ತೆ ಹೋದೆ. ಕೇಳಿಕೊಂಡು ಬಂದೆ.
ಹರಿಹರದ ಅಂಗಡಿಯವನ ಆಮೇಲೆ ಅಂದರೆ ಯುಗಾದಿ;
ಮಲೇಬೆನ್ನೂರಿನವನದು ಭತ್ತ ಮಾರಿದ ಮೇಲೆ;
ಹಳೇ ಬಸ್‌ಸ್ಟ್ಯಾಂಡಿನ ಮಿರ್ಚಿ ಗಾಡಿಯವಳದು
ಅವತ್ತೇ ರಾತ್ರಿ, ಎಂಟೂವರೆ, ಒಂದು ದಿನ ತಪ್ಪಿದ್ದಿಲ್ಲ.
ಎಲ್ಲ ಬರೆದೆ. ಬರೆದದ್ದಕ್ಕೆ ಹೆಮ್ಮೆಯೂ ಇತ್ತು.

ಎದ್ದು ಬರುವಾಗ, ಹೊಸಿಲಲ್ಲಿ, ಅವರು
ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ
"ಹುಸೇನಬಿ ಲೆಕ್ಕ ಬಿಡ್ರಿ" ಅಂದರು.

ಇಪ್ಪತ್ತೇಳನೆಯ ಪುಟ, ನಾಲ್ಕನೆಯ ಸಾಲು:
ಹುಸೇನಬಿ, ಲೆಕ್ಕದಿಂದ ಬಿಡುವುದು.
ನಾನು ಬಿಟ್ಟೆ. ತಿಪ್ಪೇಶ ಬಿಟ್ಟ.
ಯಂತ್ರ, ಪಾಪ, ಹೇಳಿದ ಮಾತು ಮೀರದ್ದು,
ಅದೂ ಬಿಟ್ಟಿತು.

ಶನಿವಾರ ಬಟವಾಡೆ.
ಹದಿನಾಲ್ಕು ಹೆಸರು ಪರದೆಯ ಮೇಲೆ ಬಂದು ಹೋದವು.
ಹದಿನೈದನೆಯವಳು ಬೂದಿ ಮೆತ್ತಿದ ಸೆರಗಲ್ಲಿ
ಕೈ ಒರೆಸುತ್ತ ನಿಂತೇ ಇದ್ದಳು.
"ಇಪ್ಪತ್ತೆರಡು ವರ್ಷ ಇದೇ ಮರಳು ಹುರ್ದೀನಿ,
ಇದ್ರಾಗೆ ನಾನೇ ಇಲ್ಲೇನ್ರಿ?"
ದನಿಯಲ್ಲಿ ಸಿಟ್ಟಿರಲಿಲ್ಲ.
ಇದ್ದಿದ್ದರೆ ಉತ್ತರ ಹೇಳಬಹುದಿತ್ತು.

ಸಾಹೇಬರು ಹಣೆ ಚಚ್ಚಿಕೊಂಡರು:
"ಮಗಳ ಹೆರಿಗೆಗೆ ಇಸ್ಕೊಂಡ ಮುಂಗಡ, ಅದನ್ನ ಬಿಡ್ರಿ ಅಂದೆ.
ಅವಳನ್ನೇ ಬಿಡ್ರಿ ಅಂದ್ನೇನು?"

ನಮ್ಮ ಹಿತ್ತಲಲ್ಲಿ ನುಗ್ಗೆ ಹೂ ಬಿಡುತ್ತದೆ.
ಜಗಳೂರು ಬಸ್ಸು ಆರಕ್ಕೆ ಬಿಡುತ್ತದೆ.
ಜ್ವರ ಬಿಡುತ್ತದೆ, ಶಾಲೆ ಬಿಡುತ್ತದೆ,
ಸೀರೆಯ ಬಣ್ಣ ಬಿಡುತ್ತದೆ, ಗಂಡ ಬಿಡುತ್ತಾನೆ.
ಹುಟ್ಟಿದಾಗಿನಿಂದ ಇಷ್ಟೆಲ್ಲ ಗೊತ್ತಿದ್ದವಳು ನಾನು
ಅಂದು ಹೊಸಿಲಲ್ಲಿ ನಿಂತು
"ಬಿಡ್ರಿ ಅಂದ್ರೆ ಹೆಂಗೆ?" ಅಂತ
ಒಂದೇ ಒಂದು ಮಾತು ಕೇಳದೆ ಬಿಟ್ಟೆ.
ಬಸ್ಸಿಗೆ ಹೊತ್ತಾಗಿತ್ತು.

ಸೋಮವಾರ ಲ್ಯಾಪ್‌ಟಾಪು ಕೋಣೆಯಲ್ಲೇ ಉಳಿಯಿತು.
ಬಾಣಲೆಯ ಪಕ್ಕ, ಮಗುಚಿದ ಎಣ್ಣೆ ಡಬ್ಬದ ಮೇಲೆ ಕೂತೆ.
ಉಪ್ಪು ಕುಡಿದ ಅಕ್ಕಿ ಕಾದ ಮರಳಿಗೆ ಬಿದ್ದ ಕೂಡಲೇ
ಏನೂ ಹೇಳುವುದಿಲ್ಲ.
"ಹದ ಬಂದದ್ದು ಹೆಂಗೆ ಗೊತ್ತಾಗುತ್ತೆ?"
"ಸುಮ್ಕಿರ್ರಿ" ಅಂದಳು ಹುಸೇನಬಿ,
"ನೀವು ಮಾತಾಡ್ತಿದ್ರೆ ಅದು ಕೇಳ್ಸಲ್ಲ."

ಸುಮ್ಮನಿದ್ದೆ.
ನಾಲ್ಕು ವರ್ಷದ ನೌಕರಿಯಲ್ಲಿ ಮೊದಲ ಸಲ.

ಹೊಸ ಪ್ರತಿಯನ್ನು ಅವಳಿಗೇ ಓದಿ ಹೇಳಿದೆ.
ಹುಟ್ಟು ಆಡಿಸುತ್ತ ಹೂಂಗುಟ್ಟಿದಳು.
"ಬಳಕೆದಾರರು ಅಂದ್ರೆ ಯಾರು?" "ನೀವೇ."
"ಅಯ್ಯ, ನಂಗೂ ಒಂದ್ ಹುದ್ದೆ ಐತಾ!" ಅಂತ ನಕ್ಕಳು.
ಮುಂಗಡದ ಸಾಲು ಬಂದಾಗ ಮಾತ್ರ
ಕೈ ಒಂದು ಗಳಿಗೆ ನಿಂತು, ಮತ್ತೆ ಆಡಿತು.

ಕೊನೆಯ ಪುಟ ಮುಗಿಸಿ
ಪೆನ್ನಿಗೆ ಟೊಪ್ಪಿ ಹಾಕುವಷ್ಟರಲ್ಲಿ
"ಒಂದ್ ಬಿಟ್ಟೀರಿ" ಅಂದಳು.
"ಏನದು?"
ಅಷ್ಟರಲ್ಲಿ ಅಕ್ಕಿ ಬಾಯಿಬಿಟ್ಟಿತು,
ಜರಡಿ ಎತ್ತಿಕೊಂಡು ಅವಳು ಆ ಕಡೆ ತಿರುಗಿದಳು.
ಬಾಣಲೆ ತುಂಬ ಬಿಳಿ ಸದ್ದು.

ಪೆನ್ನು ತೆರೆದು ಹಿಡಿದು ಕೂತಿದ್ದೇನೆ.